ಹಲ್ಲಿನ ಚೂರು ತೋರಿಸಿಕೊಟ್ಟ ಕಡಿಯಾಳಿಯ ಅಮ್ಮ

ಅಮ್ಮನನ್ನು ನಂಬಿದ ಎಲ್ಲರಿಗೂ ಕಾಪುವಿನ ಒಬ್ಬ ಅಜ್ಜಿಯ ನಮಸ್ಕಾರ.

ನನ್ನ ಮೊಮ್ಮಗಳು ಧನ್ವಿಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಕಳೆದ ನವರಾತ್ರಿ ಮುಗಿದ ಮರುವಾರ, ಬೆಳಿಗ್ಗೆ ಅಂಗಳದಲ್ಲಿ ಓಡುತ್ತಿದ್ದವಳು ಜಾರಿ ಸ್ಟೀಲ್ ಬಾಲ್ದಿಯ ಅಂಚಿಗೆ ಬಾಯಿ ಹೊಡೆದುಕೊಂಡಳು. ಮೇಲಿನ ಮುಂದಿನ ಹಲ್ಲಿನ ಮೂಲೆ ಮುರಿಯಿತು. ಕೆಳದುಟಿ ಒಡೆದು ಊದಿಕೊಂಡಿತು. ಮುರಿದ ಚೂರು ಮಾತ್ರ ಎಲ್ಲೂ ಸಿಗಲಿಲ್ಲ. ಆ ಚೂರು ಎಲ್ಲಿ ಹೋಯಿತು ಎಂದು ನಾನು ಕೇಳಿದ್ದನ್ನು ಮನೆಗೆ ಬಂದವರಾಗಲಿ, ಮೊದಲು ನೋಡಿದ ವೈದ್ಯರಾಗಲಿ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ನಾನು ಕಾರ್ಕಳದ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದವಳು. ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು, ಒಂದು ವಸ್ತು ಕಾಣದಾದರೆ ಅದು ಸಿಗುವವರೆಗೆ ಹುಡುಕಬೇಕು. ಅಲ್ಲಿ ಒಬ್ಬಳು ಹುಡುಗಿ ಓದುತ್ತಾ ಕಚ್ಚುತ್ತಿದ್ದ ಪೆನ್ನಿನ ಮುಚ್ಚಳ ಉಸಿರಿನೊಡನೆ ಒಳಗೆ ಹೋಗಿ ಶ್ವಾಸಕೋಶದಲ್ಲಿ ಕುಳಿತಿತ್ತು. ಅವಳ ಕೆಮ್ಮನ್ನು ಎಲ್ಲರೂ ಶೀತ ಎಂದುಕೊಂಡಿದ್ದರು. ಆಸ್ಪತ್ರೆಯಲ್ಲಿ ಗಂಟಲಿಗೆ ಕೊಳವೆ ಇಳಿಸಿ ತೆಗೆದರು. ಹುಡುಗಿ ಉಳಿದದ್ದೇ ದೊಡ್ಡದು. ಇದನ್ನು ಕಣ್ಣಾರೆ ಕಂಡವಳು ಮಗುವಿನ ಬಾಯಿಯಿಂದ ಕಾಣೆಯಾದ ಹಲ್ಲಿನ ಚೂರನ್ನು ಹುಡುಕದೆ ಇರುವುದು ಹೇಗೆ?

ಅಂಗಳ ಗುಡಿಸಿದೆ. ಬಾಲ್ದಿಯ ನೀರನ್ನು ಬಿಳಿ ಬಟ್ಟೆಯಲ್ಲಿ ಸೋಸಿದೆ. ಮಗುವಿನ ಅಂಗಿ ಕೊಡವಿದೆ. ಹಿರಿಯಡ್ಕದಿಂದ ಬಂದಿದ್ದ ನನ್ನ ನಾದಿನಿ ಸುಮತಿ ಜಗಲಿಯಲ್ಲಿ ಕೂತು ನಕ್ಕಳು.

“ಎಂತ ಅತ್ತಿಗೆ, ಚಿನ್ನದ ಹಲ್ಲಾ ಅದು? ಮಾಡಿಗೆ ಬಿಸಾಡ್ಲಿಕ್ಕೆ ಹುಡುಕುದಾ?”

ಬಿದ್ದ ಹಾಲುಹಲ್ಲನ್ನು ಮನೆಯ ಹೆಂಚಿನ ಮಾಡಿನ ಮೇಲೆ ಎಸೆಯುವುದು ನಮ್ಮಲ್ಲಿ ರೂಢಿ. ನಾನು ಆ ಶಾಸ್ತ್ರಕ್ಕಾಗಿ ಪರದಾಡುತ್ತಿದ್ದೇನೆ ಎಂದು ಅವಳ ಲೆಕ್ಕ.

“ಶಾಸ್ತ್ರಕ್ಕಲ್ಲ ಸುಮತಿ. ಅದು ಮಗುವಿನ ಎದೆಯೊಳಗೆ ಹೋಗಿದ್ರೆ?”

“ನಿಮ್ಮ ವಾರ್ಡನ್‌ಗಿರಿ ಇನ್ನೂ ಮುಗೀಲಿಲ್ಲ ಮಾರಾಯ್ತಿ. ಹಾಲುಹಲ್ಲು ತಾನೇ, ಹೇಗೂ ಬೀಳ್ತದೆ.”

ಹಾಲುಹಲ್ಲು ತಾನೇ! ಹಾಲುಹಲ್ಲಿಗೆ ಬೇರಿಲ್ಲವೇ, ನೋವಿಲ್ಲವೇ? ಅದು ಮುರಿದರೆ ಚೂರು ಗಾಳಿಯಲ್ಲಿ ಕರಗಿಹೋಗುತ್ತದೆಯೇ? ಪೇಟೆಯ ಕ್ಲಿನಿಕ್ಕಿಗೆ ಎತ್ತಿಕೊಂಡು ಹೋದರೆ ಅಲ್ಲಿಯೂ ಅದೇ ಮಾತು. ವೈದ್ಯರು ದೂರದಿಂದಲೇ ಟಾರ್ಚು ಬಿಟ್ಟು ನೋಡಿ ನೋವಿನ ಸಿರಪ್ಪು ಬರೆದರು.

“ಚೂರು ಎಲ್ಲಿ ಹೋಯ್ತು ಡಾಕ್ಟ್ರೇ?” ಎಂದೆ.

“ನುಂಗಿರ್ಬಹುದು ಅಜ್ಜಿ. ನುಂಗಿದ್ರೆ ಹೊರಗೆ ಬರ್ತದೆ.”

“ಬಾರದಿದ್ರೆ?”

ಅವರು ಮುಂದಿನವರನ್ನು ಕರೆದರು. ಉತ್ತರ ಗೊತ್ತಿಲ್ಲ ಎಂದಿದ್ದರೆ ನನಗೆ ಇಷ್ಟು ಕೋಪ ಬರುತ್ತಿರಲಿಲ್ಲ.

ಚೂರು ಹೊರಗೆ ಬರಲಿಲ್ಲ. ಪ್ರತಿಸಲವೂ ನಾನೇ ನೋಡಿದ್ದೇನೆ. ಅಷ್ಟರಲ್ಲಿ ಮಗುವಿಗೆ ಕೆಮ್ಮು ಶುರುವಾಯಿತು. ಎದೆಗೆ ಕಿವಿ ಇಟ್ಟರೆ ಗೊರಗೊರ ಶಬ್ದ. ನನ್ನ ಮಗ ಹರೀಶ ಆಳಸಮುದ್ರದ ಬೋಟಿನಲ್ಲಿದ್ದ, ಫೋನು ತಾಗುತ್ತಿರಲಿಲ್ಲ. ಸೊಸೆ ಶ್ವೇತಾ ಅಳಲು ಶುರುಮಾಡಿದಳು. ಸುಮತಿ ಈಗ ರಾಗ ಬದಲಿಸಿದಳು: “ಎಂತದೋ ದೋಷ ಉಂಟು ಅತ್ತಿಗೆ, ಜೋಯಿಸರಲ್ಲಿ ಒಂದು ಪ್ರಶ್ನೆ ಇಡಿಸುವಾ.”

“ದೋಷ ಇರುದು ನಿನ್ನ ಕಿವಿಗೆ” ಎಂದು ಹೇಳಿ, ಮಗುವನ್ನು ಎತ್ತಿಕೊಂಡು ಸೊಸೆಯೊಂದಿಗೆ ಬಸ್ಸು ಹತ್ತಿದೆ. ಉಡುಪಿಯಲ್ಲಿ ಬಸ್ಸು ಬದಲಿಸಿ ಮಣಿಪಾಲಕ್ಕೆ ಹೋದೆವು.

ಅಲ್ಲಿಯ ಮಕ್ಕಳ ವೈದ್ಯೆ ನನ್ನ ಮಾತನ್ನು ನಡುವೆ ತಡೆಯದೆ ಕೇಳಿದರು. ಎದೆಯ ಎಕ್ಸ್‌ರೇ ತೆಗೆಸಿದರು. ಏನೂ ಕಾಣಲಿಲ್ಲ.

“ಕೆಮ್ಮು ಶೀತದ್ದೇ ಇರ್ಬಹುದು. ಆದ್ರೆ ಚೂರು ತುಂಬ ಸಣ್ಣದು, ಎಕ್ಸ್‌ರೇಯಲ್ಲಿ ಕಾಣದೆ ಇರ್ಲಿಕ್ಕೂ ಸಾಕು. ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕರ್ಕೊಂಡು ಬನ್ನಿ. ಶಬ್ದ ಹೀಗೇ ಇದ್ರೆ ಮಗುವನ್ನು ಮಲಗಿಸಿ ಕೊಳವೆ ಇಳಿಸಿ ನೋಡ್ಬೇಕಾಗ್ತದೆ. ಅಷ್ಟರೊಳಗೆ ಉಸಿರಿಗೆ ಕಷ್ಟ ಆದ್ರೆ ಕೂಡಲೇ ಬನ್ನಿ” ಎಂದರು.

ಕೊಳವೆ ಎಂಬ ಮಾತು ಕೇಳಿ ಮಗುವನ್ನು ಎದೆಗೆ ಅವುಚಿಕೊಂಡೆ. ಹಾಸ್ಟೆಲಿನ ಹುಡುಗಿಯಾದರೂ ಬೆಳೆದವಳು. ಇದು ಇನ್ನೂ ಹಾಲು ಕುಡಿಯುವ ಮಗು.

ಹಿಂದಿರುಗುವ ಬಸ್ಸು ಕಡಿಯಾಳಿಯಲ್ಲಿ ನಿಂತಿತು. ಇಳಿಯಬೇಕೆಂದು ಅಂದುಕೊಂಡಿರಲಿಲ್ಲ, ಇಳಿದುಬಿಟ್ಟೆ. ದೇವಸ್ಥಾನದೊಳಗೆ ಮಹಿಷಮರ್ದಿನಿಯ ಮುಂದೆ ನಿಂತಾಗ ಭಕ್ತಿ ಬರಲಿಲ್ಲ, ಕೋಪ ಬಂತು. ಎಷ್ಟು ವರ್ಷಗಳಿಂದ ಶುಕ್ರವಾರ ತಪ್ಪಿಸದೆ ಬಂದವಳು ನಾನು! ಮನಸ್ಸಿನಲ್ಲಿ ಹೇಳಬೇಕಾದ್ದು ಬಾಯಿಂದಲೇ ಬಂತು.

“ಅಮ್ಮಾ, ಮಹಿಷನನ್ನೇ ಮೆಟ್ಟಿದವಳಿಗೆ ಒಂದು ಹಲ್ಲಿನ ಚೂರು ಎಲ್ಲಿ ಉಂಟೂಂತ ಗೊತ್ತಿಲ್ವಾ? ಮುರಿದ ಹಲ್ಲನ್ನು ಸರಿಮಾಡು ಅಂತ ಕೇಳುದಿಲ್ಲ. ಚೂರು ಎಲ್ಲಿ ಉಂಟು, ಅಷ್ಟೇ ಹೇಳು. ಯಾರೂ ಕೇಳ್ತಿಲ್ಲ. ನೀನಾದ್ರೂ ಕೇಳು!”

ಪಕ್ಕದಲ್ಲಿ ನಿಂತಿದ್ದ ಹೆಂಗಸು ತಿರುಗಿ ನೋಡಿದರು. ಶ್ವೇತಾ ನನ್ನ ಸೆರಗು ಎಳೆದಳು. ಭಟ್ಟರು ತೀರ್ಥ ಕೊಟ್ಟು, ಬಾಳೆಲೆಯ ತುಂಡಿನಲ್ಲಿ ಹೂವು, ಗಂಧ ಹಾಕಿ ಕೈಗಿತ್ತರು.

ನಾನು ಹಣೆಗೆ ಹಚ್ಚುವ ಮೊದಲೇ ಧನ್ವಿ ಕೈಹಾಕಿ ಗಂಧವನ್ನು ಬಾಯಿಗೆ ತುಂಬಿಕೊಂಡಳು. ಬಿದ್ದ ದಿನದಿಂದ ಆ ತುಟಿ ಮುಟ್ಟಲು ಅವಳು ಯಾರಿಗೂ ಬಿಟ್ಟಿರಲಿಲ್ಲ. ಎಣ್ಣೆಯನ್ನು ಹೊರಗಿನಿಂದ ಸವರಿದ್ದಷ್ಟೇ. ಈಗ ಗಂಧ ಗಂಟಲಿಗೆ ಹೋದೀತೆಂದು ಬೆರಳು ಹಾಕಿ ತುಟಿಯ ಒಳಭಾಗವನ್ನು ಒರೆಸಿದೆ. ಮಗು ಕಿರುಚಿತು.

“ಬಿಡಿ ಮಾಮಿ, ನೋಯ್ತದೆ ಅವಳಿಗೆ!” ಎಂದಳು ಸೊಸೆ.

ನಾನು ಬಿಡಲಿಲ್ಲ. ಬೆರಳಿಗೆ ಏನೋ ಗಟ್ಟಿಯಾದದ್ದು ತಾಗಿತ್ತು. ಹೆಬ್ಬೆರಳು ಹೊರಗೆ, ತೋರುಬೆರಳು ಒಳಗೆ ಇಟ್ಟು ಮೆಲ್ಲಗೆ ಹಿಡಿದು ನೋಡಿದೆ. ಊದಿದ ಮಾಂಸದ ನಡುವೆ ಅಕ್ಕಿಯ ನುಚ್ಚಿನಂಥ ಒಂದು ಕಾಳು.

ಅಂಗಳದ ಮಣ್ಣೆಲ್ಲ ಜಾಲಾಡಿದವಳು ನಾನು. ಚೂರು ತುಟಿಯೊಳಗೆ ಹೊಕ್ಕು ಕೂತಿತ್ತು!

ರಿಕ್ಷಾ ಹಿಡಿದು ಮತ್ತೆ ಮಣಿಪಾಲಕ್ಕೆ ಹೋದೆವು, ಈ ಸಲ ಹಲ್ಲಿನ ವಿಭಾಗಕ್ಕೆ. ಯುವ ವೈದ್ಯರೊಬ್ಬರು ತುಟಿಯ ಹಿಂದೆ ಚಿಕ್ಕ ಫಿಲ್ಮು ಇಟ್ಟು ಎಕ್ಸ್‌ರೇ ತೆಗೆದರು. ಫಿಲ್ಮಿನಲ್ಲಿ ಬಿಳಿಯ ಮುಕ್ಕೋನವೊಂದು ಮೂಡಿತು.

“ಅಜ್ಜಿ, ನಿಮ್ಮ ಕಳ್ಳ ಇಲ್ಲೇ ಉಂಟು ನೋಡಿ!”

ತುಟಿಯಷ್ಟನ್ನೇ ಮರಗಟ್ಟಿಸಿ, ಸಣ್ಣ ಗೀರು ಹಾಕಿ ಚೂರು ತೆಗೆದರು. ಮುರಿದ ಹಲ್ಲಿನ ಪಕ್ಕ ಹಿಡಿದು ತೋರಿಸಿದರು. ಎಳ್ಳಷ್ಟೂ ಕಡಿಮೆಯಿಲ್ಲದೆ ಕೂತಿತು. ಹಲ್ಲಿನ ಚೂಪು ಅಂಚನ್ನು ಉಜ್ಜಿ ನಯಮಾಡಿ, “ಹಲ್ಲಿನ ಬಣ್ಣ ಕಪ್ಪಾದ್ರೆ, ಒಸಡು ಊದಿದ್ರೆ ತಡಮಾಡದೆ ಬನ್ನಿ. ಒಳಗೆ ಹುಟ್ಟುವ ಹಲ್ಲಿಗೂ ತೊಂದರೆ ಆಗ್ತದೆ” ಎಂದರು. ಮಕ್ಕಳ ವೈದ್ಯೆ ಮರುದಿನ ಎದೆ ಪರೀಕ್ಷಿಸಿ ಕೊಳವೆ ಬೇಡ ಎಂದರು. ಕೆಮ್ಮು ಶೀತದ್ದೇ ಆಗಿತ್ತು, ಔಷಧಿಗೆ ಇಳಿಯಿತು.

ಸುಮತಿ ಫೋನು ಮಾಡಿದಳು. “ನಾನು ಹೇಳಿದ್ದೆ ಅಲ್ವಾ ಅತ್ತಿಗೆ, ಎಂತದೂ ಆಗುದಿಲ್ಲಾಂತ?” ನಾನು ಫೋನು ಇಟ್ಟುಬಿಟ್ಟೆ.

ಇದು ಕಾಕತಾಳೀಯ ಎನ್ನುವವರಿದ್ದಾರೆ. ಅವರು ಹಾಗೆಯೇ ಅಂದುಕೊಳ್ಳಲಿ. ಭಕ್ತರಿಗೆ ಮಾತ್ರ ಒಂದು ಮಾತು. ಮಗುವಿನ ಹಲ್ಲು ಮುರಿದರೆ ಚೂರು ಎಲ್ಲಿ ಎಂದು ಕೇಳಿ. ಉತ್ತರ ಸಿಗುವವರೆಗೆ ಕೇಳಿ. ಹರಕೆ ಹೊತ್ತು ಮನೆಯಲ್ಲಿ ಕೂರಬೇಡಿ. ನನ್ನನ್ನು ಅಮ್ಮ ಆಸ್ಪತ್ರೆಯಿಂದ ಬಿಡಿಸಲಿಲ್ಲ, ಸರಿಯಾದ ಬಾಗಿಲಿಗೆ ತಿರುಗಿಸಿ ಕಳುಹಿಸಿದಳು.

ಮುಂದಿನ ಶುಕ್ರವಾರ ಕಡಿಯಾಳಿಗೆ ಹೋದೆ. ಅಷ್ಟು ಜನರ ಮುಂದೆ ದೇವರನ್ನು ಗದರಿದ್ದಕ್ಕೆ ಕ್ಷಮೆ ಕೇಳಬೇಕೆಂದೇ ಹೋದದ್ದು. ಆರತಿಯ ಬೆಳಕಿನಲ್ಲಿ ಅವಳ ಮುಖ ನೋಡಿದಾಗ ಆ ಮಾತು ಬಾಯಿಗೆ ಬರಲಿಲ್ಲ. ಬೇಸರಪಟ್ಟವಳು ಹಾಗೆ ಬೆರಳು ಹಿಡಿದು ತೋರಿಸುತ್ತಾಳೆಯೇ? ಮಗುವನ್ನು ಸೊಂಟದಲ್ಲಿ ಸರಿಮಾಡಿಕೊಂಡು ಕೈಮುಗಿದೆ.

“ಕೇಳಿದೆಯಲ್ಲ ತಾಯಿ” ಎಂದೆ.