ಹಂಸದಜ್ಜನ ಎಡೆ

ದೊಡ್ಡಬಸಮ್ಮ ಯಾರಿಗೂ ಏನನ್ನೂ ಕೈಗೆ ಕೊಡುತ್ತಿರಲಿಲ್ಲ. ನೆಲದ ಮೇಲಿಟ್ಟು, ಹಿಂದೆ ಸರಿದು, "ತಗೋರಿ" ಅನ್ನುತ್ತಿದ್ದಳು. ಕುರುಗೋಡಿನ ಮಗಳು, ಸಿರುಗುಪ್ಪಕ್ಕೆ ಕೊಟ್ಟಿದ್ದರು. ಹರೆಯದಲ್ಲಿ ಕುಷ್ಠ ಬಂತು. ಔಷಧಿಯಿಂದ ಪೂರಾ ವಾಸಿಯಾಯಿತು, ಬೆರಳು ಮಾತ್ರ ಮೊಂಡಾದವು. ಗಂಡನ ಮನೆಯವರು ಮಗನನ್ನು ಇಟ್ಟುಕೊಂಡು ಇವಳನ್ನು ಹೊರಗೆ ಹಾಕಿದರು. ಬಳ್ಳಾರಿಗೆ ಬಂದು, ನಮ್ಮ ಓಣಿಯ ಚರ್ಚಿನಲ್ಲಿ ಕಸ ಗುಡಿಸುತ್ತ, ನನ್ನ ಪಕ್ಕದ ಮನೆಯಲ್ಲೇ ಉಳಿದಳು.

ಚರ್ಚಿನ ಗೋಡೆಯ ಮೇಲೆ ಒಂದು ಹಳೆಯ ಪಟ. ಉದ್ದ ಟೊಪ್ಪಿಗೆಯ ಬಿಷಪ್, ಕಾಲ ಬಳಿ ಹಂಸ. ಎಂಟುನೂರು ವರ್ಷದ ಹಿಂದೆ ಇಂಗ್ಲೆಂಡಿನ ಲಿಂಕನ್ ಎಂಬ ಊರಿನಲ್ಲಿದ್ದ ಸಂತ ಹ್ಯೂ ಎಂದು ಫಾದರ್ ಅವಳಿಗೆ ಹೇಳಿದರು. ಕುಷ್ಠದವರ ಕಾಲು ತೊಳೆದು ಮುತ್ತಿಡುತ್ತಿದ್ದರಂತೆ. ಯಾರನ್ನೂ ಹತ್ತಿರ ಸೇರಿಸದ ಹಂಸ ಅವರ ಕೈಯಿಂದ ತಿನ್ನುತ್ತಿತ್ತಂತೆ.

ಅಂದಿನಿಂದ ಅವರು ಇವಳಿಗೆ ಹಂಸದಜ್ಜ. ಮಠದ ಗದ್ದುಗೆಗೆ ನಡೆದುಕೊಂಡ ಹಾಗೇ ನಡೆದುಕೊಂಡಳು. ನವೆಂಬರಿನಲ್ಲಿ ಅಜ್ಜನ ಹಬ್ಬಕ್ಕೆ ಹೊಸ ಅಕ್ಕಿಯ ಬೆಲ್ಲದನ್ನ ಮಾಡಿ ಎಡೆ ಇಡುವಳು.

"ಏ ಬಸಮ್ಮಾ, ಚರ್ಚಿನ್ಯಾಗ ಎಡಿ ಇಡಂಗಿಲ್ಲ. ಇಂಗ್ಲೆಂಡಿನ ಅಜ್ಜಗ ಬೆಲ್ಲದನ್ನ ಸೇರತೈತೇನು?" ಅಂದೆ.

"ಸಿರುಗುಪ್ಪದ ಅಕ್ಕಿ ಐತಿ ಹಂಪಕ್ಕಾ, ಯಾರಿಗೆ ಸೇರಂಗಿಲ್ಲ?"

ಫಾದರ್ ನಕ್ಕರು, ಬೇಡ ಅನ್ನಲಿಲ್ಲ.

ಮಗ ಎರ್ರಿ ದೊಡ್ಡವನಾಗಿ ತಾಯಿಯನ್ನು ಹುಡುಕಿಕೊಂಡು ಬಂದಿದ್ದ. ಹೋದ ವರ್ಷ ಬೇಸಿಗೆಯಲ್ಲಿ ಅವನಿಗೆ ಹೆಣ್ಣು ಕೂಸಾಯಿತು. ಅದಕ್ಕೆ ಮೊದಲ ತುತ್ತು ತಾನು ಉಣಿಸಬೇಕೆಂಬ ಆಸೆಯನ್ನು ದೊಡ್ಡಬಸಮ್ಮ ನನ್ನೊಬ್ಬಳ ಹತ್ತಿರ ಹೇಳಿದಳು. ಸೊಸೆ ಶಶಿರೇಖಾ ಕೆಟ್ಟವಳಲ್ಲ, ಅಂಜುಬುರುಕಿ. ಕೂಸನ್ನು ದೂರದಿಂದ ತೋರಿಸುವಳು, ತೊಡೆಗೆ ಕೊಡಳು.

ಅಜ್ಜನ ಮುಂದೆಯೇ ಕೂಸಿಗೆ ಅನ್ನ ಮುಟ್ಟಿಸೋಣ ಎಂದು ಎರ್ರಿ ಹಟ ಹಿಡಿದ. ಆ ನವೆಂಬರಿನ ಹಬ್ಬದ ದಿನ ಹೆಂಡತಿಯನ್ನೂ ಕೂಸನ್ನೂ ಚರ್ಚಿಗೆ ಕರೆತಂದ.

"ಈ ಹಂಸ ಯಾಕೈತ್ರಿ ಅತ್ತಿ?" ಶಶಿರೇಖಾ ಕೇಳಿದಳು.

ದೊಡ್ಡಬಸಮ್ಮ ಎಲ್ಲ ಹೇಳಿದಳು, ಮುತ್ತಿಟ್ಟದ್ದನ್ನೂ. ಹೇಳುವಾಗ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ಎಡೆಯಾದ ಮೇಲೆ ರೂಢಿಯಂತೆ ಬಟ್ಟಲನ್ನು ನೆಲಕ್ಕಿಟ್ಟು ಹಿಂದೆ ಸರಿದಳು.

"ತಗೋವಾ, ಉಣಸು."

ಶಶಿರೇಖಾ ಬಟ್ಟಲು ಮುಟ್ಟಲಿಲ್ಲ. ಪಟವನ್ನೇ ನೋಡುತ್ತ ಕೂತಳು. ಆಮೇಲೆ ಎದ್ದು, ಕೂಸನ್ನು ಅತ್ತೆಯ ತೊಡೆಯ ಮೇಲೆ ಕೂರಿಸಿದಳು.

"ನೀವ ಉಣಸ್ರಿ."

"ಬ್ಯಾಡವ್ವ, ಈ ಕೈ..."

"ಆ ಅಜ್ಜಗ ಇಲ್ಲದ ಅಂಜಿಕಿ ನನಗ್ಯಾಕ್ರಿ? ಉಣಸ್ರಿ, ಕೂಸು ಹಸದೈತಿ."

ಮೊಂಡು ಬೆರಳಿನಲ್ಲಿ ನಾಲ್ಕು ಅಗುಳು ಮಿದ್ದು ಬಾಯಿಗಿಟ್ಟಳು. ಕೂಸು ಚಪ್ಪರಿಸಿತು. ಇನ್ನೂ ಬೇಕೆಂದು ಆ ಬೆರಳನ್ನೇ ಹಿಡಿದು ಬಾಯಿಗೆ ಎಳೆದುಕೊಂಡಿತು. ಹಿಂದೆ ಸರಿಯಲು ದೊಡ್ಡಬಸಮ್ಮನಿಗೆ ಜಾಗವೇ ಇರಲಿಲ್ಲ.