ಸದ್ದು ನಿಂತ ಜೀಪು

ಮೊದಲಿಗೇ ಕ್ಷಮೆ ಯಾಚಿಸಿಬಿಡುವುದು ಕ್ಷೇಮ. ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗಳು. ಆ ಪದವಿಯೂ ವಾಣಿಜ್ಯಶಾಸ್ತ್ರದ್ದು. ಆದಕಾರಣ ಹಳೆಯ ಜೀಪೊಂದರ ಡಿಫರೆನ್ಷಿಯಲ್ ಎಣ್ಣೆ ಬದಲಿಸಿದ ಈ ವೃತ್ತಾಂತದಲ್ಲಿ ಯಂತ್ರಜ್ಞಾನದ ಲೋಪಗಳು ಕಂಡುಬಂದರೆ ಬಲ್ಲವರು ಮನ್ನಿಸಬೇಕು. ಭಾಷೆಯ ಲೋಪಗಳು ಕಂಡುಬಂದರೆ ದಯಮಾಡಿ ಮೂಡಿಗೆರೆಯಲ್ಲಿರುವ ನನ್ನ ವಿದ್ಯಾರ್ಥಿಗಳ ಕಿವಿಗೆ ಆ ಸುದ್ದಿ ಬೀಳದಂತೆ ನೋಡಿಕೊಳ್ಳಬೇಕು.

ವಿಷಯ ತೀರ ಕ್ಷುಲ್ಲಕವಾದದ್ದು. ಒಂದು ಬೆಳಿಗ್ಗೆ ನಮ್ಮ ಜೀಪು ಸದ್ದು ಮಾಡಲಿಲ್ಲ.

ಎಂಜಿನ್ನು ಎಂದಿನಂತೆ ಕೆಮ್ಮಿ, ಕ್ಯಾಕರಿಸಿ, ಎಚ್ಚರಗೊಂಡಿತ್ತು. ನಿಂತದ್ದು ಹಿಂಬದಿಯ ಸದ್ದು. ಜೀಪಿನ ಹಿಂದಿನ ಎರಡು ಚಕ್ರಗಳ ನಡುವೆ ಸಣ್ಣ ಕುಂಬಳಕಾಯಿಯ ಗಾತ್ರದ ಕಬ್ಬಿಣದ ಗುಂಡೊಂದಿರುತ್ತದೆ; ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರವನ್ನೂ ಒಳಗಿನ ಚಕ್ರ ಕಡಿಮೆ ದೂರವನ್ನೂ ಕ್ರಮಿಸಬೇಕಾದಾಗ ಅವೆರಡರ ನಡುವೆ ಜಗಳವಾಗದಂತೆ ಸಂಧಾನ ಮಾಡಿಸುವ ಹಲ್ಲುಗಾಲಿಗಳು ಅದರೊಳಗೆ ಎಣ್ಣೆಯಲ್ಲಿ ಮುಳುಗಿಕೊಂಡಿರುತ್ತವೆ. ಇದೇ ಡಿಫರೆನ್ಷಿಯಲ್. ಬಯಲುಸೀಮೆಯ ಓದುಗರಿಗೆ ಇದರ ಮಹಿಮೆ ಸುಲಭವಾಗಿ ಅರ್ಥವಾಗದು. ಕೊಟ್ಟಿಗೆಹಾರದಿಂದ ಕಳಸದವರೆಗಿನ ತಿರುವುಗಳಲ್ಲಿ ಒಮ್ಮೆ ಪ್ರಯಾಣಿಸಿದವರಿಗೆ ವಿವರಿಸಬೇಕಾದ ಅಗತ್ಯವೇ ಇಲ್ಲ. ನಮ್ಮ ಡಿಫರೆನ್ಷಿಯಲ್ ಕೆಲವು ತಿಂಗಳಿಂದ ಏರುದಾರಿಯಲ್ಲಿ ಕುಂಯ್ಯೆಂದು ರಾಗವೆಳೆಯುತ್ತಿತ್ತು. ಆಗ ಅದು ಹಾಳಾಗುತ್ತಿದೆಯೆಂದು ನಾನು ಹೆದರಿದ್ದೆ. ಈಗ ರಾಗ ನಿಂತದ್ದರಿಂದ ಹಾಳಾಗಿ ಮುಗಿಯಿತೆಂದು ಹೆದರಿದೆ. ಭಯದ ವಿಷಯದಲ್ಲಿ ನಾನು ಪಕ್ಷಪಾತಿಯಲ್ಲ.

ಈ ಸಲದ ಭಯಕ್ಕೆ ಕಾರಣವೂ ಇತ್ತು. ಕಳಸಕ್ಕೆ ಮದುವೆ ಮಾಡಿಕೊಟ್ಟಿದ್ದ ತಂಗಿ ಸುಮಳಿಗೆ ದಿನ ತುಂಬುತ್ತ ಬಂದಿತ್ತು. ಚೊಚ್ಚಲ ಬಾಣಂತನ ತವರಿನದೇ ಆದ್ದರಿಂದ ಬರುವ ಶುಕ್ರವಾರ ಅವಳನ್ನು ಕರೆತರುವುದೆಂದು ನಿಶ್ಚಯವಾಗಿತ್ತು. ಅಪ್ಪ ಎಸ್ಟೇಟೊಂದರಲ್ಲಿ ಜೀಪು ಓಡಿಸುತ್ತಲೇ ನಮ್ಮಿಬ್ಬರನ್ನು ಬೆಳೆಸಿದವರು. ನಿವೃತ್ತರಾದಾಗ ಅದೇ ಎಸ್ಟೇಟಿನ ಹಳೆಯ ಜೀಪನ್ನೇ ಕೊಂಡವರು. ಮಗಳನ್ನು ತಾವೇ, ತಮ್ಮ ಜೀಪಿನಲ್ಲೇ ಕರೆತರುವುದಾಗಿ ಬೀಗರ ಮುಂದೆ ಮಾತು ಕೊಟ್ಟಿದ್ದರು. ಬಾಡಿಗೆ ಕಾರು ಮಾಡೋಣವೆಂದು ನಾನು ಸೂಚಿಸಿದ ದಿನ ಅವರು ಊಟದ ತಟ್ಟೆಯಿಂದ ಬೇಗ ಎದ್ದಿದ್ದರು.

“ಶುಕ್ರವಾರದೊಳಗೆ ಎಣ್ಣೆ ಬದಲಿಸಲೇಬೇಕು,” ಎಂದೆ.

“ಸದ್ದಿದ್ರೂ ಬೈತೀಯ, ಇಲ್ದಿದ್ರೂ ಬೈತೀಯ. ಜೀಪು ನಿಂಗೆ ಹಾಡು ಹೇಳ್ಬೇಕಾ ಮಾರಾಯ್ತಿ?” ಎಂದರು ಅಪ್ಪ.

ಆದರೂ ಭಾನುವಾರ ಜೀಪನ್ನು ಕಾಫಿ ಒಣಗಿಸುವ ಕಣಕ್ಕೆ ತಂದು ನಿಲ್ಲಿಸಿದರು. ಕೊಯ್ಲು ಮುಗಿದು ಕಣ ಖಾಲಿಯಾಗಿತ್ತು. ಜೀಪು ತಾನಾಗಿ ಉರುಳಿಹೋಗದೆಂದು ನನ್ನಂಥವಳೂ ನಂಬಬಹುದಾದ ಸಮತಟ್ಟು ನೆಲ ನಮ್ಮ ಪಾಲಿಗೆ ಅದೊಂದೇ. ನಾನು ಮೊಬೈಲಿನಲ್ಲಿ ವಿಡಿಯೊಗಳನ್ನು ನೋಡಿ ಪಾಠ ಸಿದ್ಧಪಡಿಸಿಕೊಂಡಿದ್ದೆ. ಅವುಗಳಲ್ಲಿ ಒಂದು ನಿಯಮ ನನಗೆ ಬಹಳ ಹಿಡಿಸಿತ್ತು: ಎಣ್ಣೆ ತುಂಬುವ ಮೇಲಿನ ಬಿರಟೆ ಬಿಚ್ಚುವುದು ಖಚಿತವಾಗುವವರೆಗೆ ಎಣ್ಣೆ ಇಳಿಸುವ ಕೆಳಗಿನ ಬಿರಟೆಯನ್ನು ಮುಟ್ಟಬಾರದು, ಮುಟ್ಟಿದರೆ, ಇದ್ದ ಎಣ್ಣೆ ಹೋಗಿ, ಹೊಸದನ್ನು ಹಾಕಲು ದಾರಿಯಿಲ್ಲದೆ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಬದುಕಿನ ಸಕಲ ವ್ಯವಹಾರಗಳಿಗೂ ಇಂಥ ಒಂದು ಮೇಲಿನ ಬಿರಟೆ ಇದ್ದಿದ್ದರೆ ನಾನು ಎಷ್ಟು ನಿಶ್ಚಿಂತಳಾಗಿರುತ್ತಿದ್ದೆನೆಂದು ಯೋಚಿಸುತ್ತಿರುವಾಗಲೇ ಅಪ್ಪ ಅದನ್ನು ಬಿಚ್ಚಿ ನನ್ನ ಕೈಗಿತ್ತರು. ಆಮೇಲೆ ಕೆಳಗಿನದನ್ನೂ ಬಿಚ್ಚಿದರು.

ಎಣ್ಣೆ ಒಂದು ಲೋಟದಷ್ಟು ಸುರಿದು ನಿಂತುಬಿಟ್ಟಿತು. ತಂತಿಯಿಂದ ಕೆದಕಿದಾಗ, ಕೊಳೆತ ಮೊಟ್ಟೆಯ ವಾಸನೆಯೊಂದಿಗೆ ಕರಿಯ ಮುದ್ದೆಯೊಂದು ಕೆಳಗಿಟ್ಟಿದ್ದ ಬಾಣಲೆಗೆ ಬಿತ್ತು. ಹಲ್ಲುಗಾಲಿಗಳು ಪುಡಿಯಾಗಿವೆ, ಇನ್ನು ಶುಕ್ರವಾರದ ಮಾತಿಲ್ಲ ಎಂದುಕೊಂಡು ಅದನ್ನು ಬೆರಳುಗಳಿಂದ ಉಜ್ಜಿ ನೋಡಿದೆ. ಲೋಹದ ಚೂರುಗಳು ತಾಗಲಿಲ್ಲ. ಹಗುರವಾದ, ತೆಳುವಾದ, ನಾನು ಹುಟ್ಟಿದಾಗಿನಿಂದ ಕಾಲಿಗೆ ಅಂಟಿಸಿಕೊಂಡು ಬೆಳೆದ ಪದಾರ್ಥವೇ ಅದು.

“ಅಪ್ಪ, ಇದು ಕಾಫಿ ಹೊಟ್ಟು.”

ಜೀಪಿನ ಕೆಳಗೆ ಅಪ್ಪ ತಂತಿಯನ್ನು ಇನ್ನೊಮ್ಮೆ ತೂರಿಸಿದರು. ಜಗಲಿಯ ಅಂಚಿನಲ್ಲಿ ಕುಳಿತಿದ್ದ ಅಮ್ಮ, “ಹೇಳ್ಬಿಡಿ ಇನ್ನು. ಸಿಕ್ಕಿಬಿದ್ದಾಯ್ತಲ್ಲ,” ಎಂದಳು.

“ಹಳೆ ಜೀಪು ಮಾರೋ ಮುಂಚೆ ಎಸ್ಟೇಟಲ್ಲಿ ಲೆಕ್ಕ ಬರೆಯೋ ರೈಟ್ರು ಹಾಕಿಸ್ತಿದ್ರು,” ಎಂದರು ಅಪ್ಪ, ಮುಖ ತೋರಿಸದೆ. “ಒಂದೆರಡು ಹಿಡಿ ಹೊಟ್ಟು. ಕುಂಯ್‌ಗುಡೋದು ನಿಲ್ಲುತ್ತೆ, ತಗೊಳ್ಳೋರಿಗೆ ಗೊತ್ತಾಗಲ್ಲ.”

“ನಾವು ಮಾರ್ತಾ ಇಲ್ವಲ್ಲಪ್ಪ.”

“ಮಾರೋಕಲ್ಲ. ನೀನು ಪಕ್ಕದಲ್ಲಿ ಕೂತು ಪ್ರತಿ ತಿರುವಲ್ಲೂ ದೇವ್ರನ್ನ ಕರೀತೀಯಲ್ಲ, ಅದು ನಿಲ್ಲಲಿ ಅಂತ. ನಾನು ಹಾಕಿದ್ದು ನಿನ್ನ ಕಿವಿಗೆ.”

ಅಮ್ಮ ಸೆರಗು ಬಾಯಿಗೆ ಒತ್ತಿ ನಕ್ಕಳು. ನಾನೂ ನಗುತ್ತಿದ್ದೆನೇನೋ, ಆದರೆ ಹೀಗೆ ನಗುವಾಗಲೂ ಅಮ್ಮನ ಇನ್ನೊಂದು ಕೈ ಮಂಡಿಯನ್ನು ಒತ್ತುತ್ತಲೇ ಇತ್ತು. ನೋವೇ ಎಂದು ಕೇಳಿದೆ. “ಇಲ್ಲಪ್ಪ,” ಎಂದಳು, ಪ್ರಶ್ನೆ ಮುಗಿಯುವ ಮೊದಲೇ. ಆ ಅವಸರದ ಉತ್ತರವೇ ನನ್ನನ್ನು ಎಚ್ಚರಿಸಿತು. ಓದುಗ ಮಹಾಶಯರೇ, ಮನೆಯಲ್ಲಿ ಒಬ್ಬಳು ಎಲ್ಲದಕ್ಕೂ ಹೆದರುವವಳಿದ್ದರೆ ಉಳಿದವರು ಅಪಾಯವನ್ನು ಮುಚ್ಚುವುದಿಲ್ಲ, ಅಪಾಯದ ಸದ್ದನ್ನು ಮುಚ್ಚುತ್ತಾರೆ. ಹಾಗಾದರೆ ಈ ಮನೆಯಲ್ಲಿ ಇನ್ನೂ ಎಲ್ಲೆಲ್ಲಿ ಹೊಟ್ಟು ತುಂಬಿದೆ? ಕೈ ಒರೆಸಿಕೊಳ್ಳುವುದನ್ನೂ ಮರೆತು ಸುಮಳಿಗೆ ಫೋನು ಮಾಡಿದೆ.

“ಅಪ್ಪ ಮುಚ್ಚಿಟ್ಟಿದ್ದು ಸಿಕ್ತು. ನಿಂದೇನಾದ್ರೂ ಇದ್ರೆ ಹೇಳು. ನಾನು ಬೈಯಲ್ಲ.”

“ಕಾಲು ಊದಿದೆ ಅಕ್ಕ. ನಿನ್ನೆಯಿಂದ ತಲೆನೋವು, ಕಣ್ಣು ಮಂಜು ಮಂಜು. ಇವ್ರಿಗೂ ಹೇಳಿಲ್ಲ. ಹೇಗೂ ಶುಕ್ರವಾರ ಬರ್ತೀರಲ್ಲ ಅಂತ… ಮೊದ್ಲೇ ಹೇಳಿದ್ರೆ ನೀನು ಊಟ ನಿದ್ದೆ ಬಿಡ್ತೀಯ,” ಎಂದಳು.

ಜೀಪಿನ ಹೊಟ್ಟೆ ಬಿಚ್ಚಿಕೊಂಡು ಬಿದ್ದಿತ್ತು. ಸುಮ ಹೇಳಿದ್ದನ್ನು ನಾನು ಗಟ್ಟಿಯಾಗಿ ಹೇಳಿದ್ದು ಕೇಳಿ ಅಪ್ಪ ಕೆಳಗಿನಿಂದ ಹೊರಬಂದರು. ಅವರು ಕೊಟ್ಟ ಮಾತನ್ನು ನಾನು ಹೇಗೆ ಎತ್ತಲೆಂದು ತೊದಲುತ್ತಿರುವಾಗ ಅವರೇ ಫೋನು ತೆಗೆದುಕೊಂಡು ಅಳಿಯನಿಗೆ ಕೊಡುವಂತೆ ಸುಮಳಿಗೆ ಹೇಳಿದರು. “ನಮ್ಮ ಜೀಪು ಕಾಯ್ಬೇಡಿ. ಈಗ್ಲೇ ಅಲ್ಲೇ ಡಾಕ್ಟ್ರಿಗೆ ತೋರಿಸಿ, ಅವ್ರು ಹೇಳಿದ್ರೆ ಚಿಕ್ಕಮಗಳೂರು ಆಸ್ಪತ್ರೆಗೆ ಹೊರಡಿ. ನಾವು ಅಲ್ಲಿಗೇ ಬರ್ತೀವಿ.”

ಕಳಸದ ವೈದ್ಯರು ರಕ್ತದೊತ್ತಡ ನೋಡಿದವರೇ ಆಂಬುಲೆನ್ಸ್ ಹತ್ತಿಸಿದರು. ಇತ್ತ ಅಪ್ಪ ಮತ್ತು ನಾನು ಡಿಫರೆನ್ಷಿಯಲ್ಲಿನ ಮುಚ್ಚಳ ಬಿಚ್ಚಿ, ಡೀಸೆಲಿನಲ್ಲಿ ತೊಳೆದು, ಹೊಟ್ಟನ್ನು ಬಟ್ಟೆಯಿಂದ ಬಾಚಿ ತೆಗೆದು, ಮುಚ್ಚಳ ಬಿಗಿದು, ಮೇಲಿನ ತೂತಿನಿಂದ ತುಳುಕುವವರೆಗೆ ಹೊಸ ಎಣ್ಣೆ ತುಂಬಿದೆವು. ಹಲ್ಲುಗಳು ಸವೆದಿದ್ದವು, ಮುರಿದಿರಲಿಲ್ಲ. ಅಪ್ಪನ ಕೈ ಆ ಕೆಲಸದಲ್ಲಿ ಎರಡು ಸಲ ಜಾರಿತು. ನಾನು ನೋಡದವಳಂತೆ ಬಟ್ಟೆ ಕೊಟ್ಟೆ. ಚಿಕ್ಕಮಗಳೂರಿನವರೆಗೂ ಜೀಪು ಹಳೆಯ ರಾಗವನ್ನೇ ಹಾಡಿತು. ನಾನು ದೇವರನ್ನು ಕರೆದೆ, ಆದರೆ ಜೀಪಿನ ಸಲುವಾಗಿ ಅಲ್ಲ.

ಆ ಸಂಜೆಯೇ ಶಸ್ತ್ರಚಿಕಿತ್ಸೆಯಾಯಿತು. ಹೆಣ್ಣುಮಗು, ತೂಕ ಕಡಿಮೆ, ದನಿ ಜೋರು. ಇನ್ನೂ ತಡವಾಗಿದ್ದರೆ ಎಂದು ವೈದ್ಯೆ ಆರಂಭಿಸಿದ ವಾಕ್ಯವನ್ನು ಅಪ್ಪ ಪೂರ್ತಿ ಕೇಳಿಸಿಕೊಳ್ಳದೆ ಕಾರಿಡಾರಿನ ಕೊನೆಗೆ ನಡೆದು, ಗೋಡೆಗೆ ಹಣೆಯಿಟ್ಟು ನಿಂತರು.

ಅನಂತರ ನಮ್ಮ ಕುಟುಂಬದಲ್ಲಿ ಬದಲಾದದ್ದನ್ನು ಅಲಂಕಾರವಿಲ್ಲದೆ ಹೇಳುತ್ತೇನೆ. ಅಮ್ಮನ ಮಂಡಿಗೆ ಚಿಕಿತ್ಸೆ ನಡೆಯುತ್ತಿದೆ. ಅಪ್ಪ ಜೀಪಿನ ಪ್ರತಿ ಹೊಸ ಸದ್ದನ್ನೂ ತಾವಾಗಿಯೇ ನನಗೆ ತಿಳಿಸುತ್ತಾರೆ, ಕೆಲವೊಮ್ಮೆ ಬೇಕಾದದ್ದಕ್ಕಿಂತ ವಿವರವಾಗಿ. ಸುಮ ಮಗುವಿನ ಕೆಮ್ಮು ಜ್ವರಗಳ ಸುದ್ದಿಯನ್ನು ಮೊದಲು ನನಗೇ ಹೇಳುತ್ತಾಳೆ. ನನ್ನ ಭಯ ಹಾಗೆಯೇ ಇದೆ. ಆದರೆ ಈಗ ಅವಳು ಮಾತು ಮುಗಿಸುವವರೆಗೆ ನಾನು ಬಾಯಿ ತೆರೆಯುವುದಿಲ್ಲ.