ಕಾಳು ಕಡಿದು ನೋಡುವ ದೇವೀಂದ್ರಪ್ಪ

ದೇವೀಂದ್ರಪ್ಪನ ಹಲ್ಲಿನ ಮೇಲೆ ನೆಹರು ಗಂಜ್ ಎಂಬ ಧಾನ್ಯಪೇಟೆಯ ಒಂದು ಅಂಗಡಿ ಇಪ್ಪತ್ತೆರಡು ವರ್ಷ ನಡೆದಿದೆ. ಅಂಗಡಿ ದತ್ತಪ್ಪನದು. ರೈತರು ತಂದ ತೊಗರಿಯನ್ನು ವ್ಯಾಪಾರಿಗಳಿಗೆ ಮಾರಿಸಿಕೊಡುವ ಅಡತ್ ಅಂಗಡಿ. ಅಲ್ಲಿ ದೇವೀಂದ್ರಪ್ಪನ ಕೆಲಸ ಇಷ್ಟೇ: ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಬೇಕು, ಒಳಗಿನ ಕಾಳು ಅಂಗೈಗೆ ಸುರಿದುಕೊಳ್ಳಬೇಕು, ಒಂದು ಕಾಳು ಹಲ್ಲಿಗಿಟ್ಟು ಕಡಿಯಬೇಕು. ಕಟ್ ಅಂದರೆ ಒಣ ಮಾಲು. ಹಲ್ಲಿಗೆ ಅಂಟಿದರೆ ಹಸಿ. ಅವನು ಹೇಳಿದ ಮೇಲೆ ರೈತನೂ ಸುಮ್ಮನಾಗುತ್ತಿದ್ದ, ಕೊಳ್ಳುವವನೂ ಸುಮ್ಮನಾಗುತ್ತಿದ್ದ.

ಇದಕ್ಕೊಂದು ನೇಮವಿತ್ತು. ಒಬ್ಬ ರೈತನ ಮಾಲಿನಲ್ಲಿ ಒಂದೇ ಕಾಳು ಕಡಿಯಬೇಕು. ಎರಡನೆಯದಕ್ಕೆ ಕೈ ಹಾಕಿದರೆ ರೈತನ ಮೇಲೆ ಅನುಮಾನಪಟ್ಟಂತೆ. ಹಿಂದೆ ಯಾರೋ ಹಾಗೆ ಮಾಡಿ ಗಂಜಿನಲ್ಲಿ ಹೊಡೆದಾಟ ಆಗಿತ್ತಂತೆ. ದೇವೀಂದ್ರಪ್ಪ ಎಂದೂ ಎರಡನೆಯದು ಕಡಿದವನಲ್ಲ. ಅವನಿಗೆ ಬೇಕಾಗಿರಲೂ ಇಲ್ಲ.

ಹೋದ ವರ್ಷ ಸುಗ್ಗಿಯಲ್ಲಿ ಮೋಡ ಮುಸುಕಿತು. ಅವನು ಒಣಗಿದೆ ಎಂದು ಒಪ್ಪಿದ ಮಾಲು ಮಳೆಗಾಲ ಹಿಡಿಯುವ ಹೊತ್ತಿಗೆ ಗೋದಾಮಿನಲ್ಲಿ ಕಾವು ಹತ್ತಿ ಬೂಸಲು ಬಂತು. ತಪ್ಪು ಹಲ್ಲಿನದೋ ಗೋದಾಮಿನ ತೂತುಬಿದ್ದ ತಗಡಿನದೋ, ಯಾರಿಗೆ ಗೊತ್ತು. ದತ್ತಪ್ಪ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಹಸಿ ಅಳೆಯುವ ಒಂದು ಮಶೀನು ತಂದು ತಾನು ಕೂರುವ ಗಾದಿಯ ಪಕ್ಕ ಇಟ್ಟ. ಅವತ್ತಿನಿಂದ ದೇವೀಂದ್ರಪ್ಪ ಒಂದೊಂದು ಕಾಳು ಕಡಿಯುವಾಗಲೂ ಆ ಡಬ್ಬಿಯ ಕಡೆ ನೋಡತೊಡಗಿದ. ಎದೆ ಡವಗುಟ್ಟುವುದು, ಅಂಗೈ ಬೆವರುವುದು, ಉಂಡದ್ದು ಇಳಿಯದಿರುವುದು. ದಿನಕ್ಕೆ ಹನ್ನೆರಡು ಚಹಾ. ಇದು ಎರಡು ತಿಂಗಳು ನಡೆಯಿತು.

ಶ್ರಾವಣದ ಒಂದು ಮುಂಜಾನೆ, ಹತ್ತು ಗಂಟೆ, ಗಂಜು ತುಂಬಿತ್ತು. ಹಮಾಲರು ಚೀಲ ಹೊತ್ತು ಸರಿರಿ ಸರಿರಿ ಎಂದು ಕೂಗುತ್ತಿದ್ದರು. ಇದ್ದಕ್ಕಿದ್ದಂತೆ ಆ ಕೂಗೆಲ್ಲ ದೂರ ಹೋಯಿತು. ಗೋಣಿಚೀಲದೊಳಗೆ ತನ್ನನ್ನು ತುಂಬಿ ಬಾಯಿ ಹೊಲಿದು, ನೂಲಿನ ಸಂದಿಯಿಂದ ಗಂಜು ನೋಡಿದ ಹಾಗೆ ಆಯಿತೆಂದು ಅವನು ಆಮೇಲೆ ಹೇಳಿದ. ಕೆಳಗೆ ಎರಡು ಕೈ ಕಂಡವು. ಒಂದರಲ್ಲಿ ಕಬ್ಬಿಣದ ಕೊಳವೆ ಇತ್ತು. ಯಾರದೋ ಕೈ. ಅಷ್ಟರಲ್ಲಿ ಯಾರೋ ‘ಒಣಗೇದ’ ಎಂದರು. ಅಂದವನು ತಾನೇ ಎಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಕಾಲು ತಾಸಿನಲ್ಲಿ ಅದು ಹೋಯಿತು. ಮರುದಿನ ಗಾಜಿಪುರ ಓಣಿಯ ಮನೆಯಲ್ಲಿ ರೊಟ್ಟಿ ಮುರಿಯುವಾಗ ಮತ್ತೆ ಬಂತು. ಹೆಂಡತಿ ಚಂದಮ್ಮ ಎದುರಿಗೆ ಕೂತು ಪಲ್ಲೆ ಬಡಿಸುತ್ತಿದ್ದಳು. ಮುಖ ಅದೇ, ಮೂಗುಬೊಟ್ಟು ಅದೇ, ಆದರೆ ಯಾರೋ ಆಕೆಯ ಹಾಗೆ ವೇಷ ಹಾಕಿ ಕೂತಂತೆ. ಬಾಯಿ ತಡೆಯದೆ ಕೇಳಿಯೇಬಿಟ್ಟ, ನೀನು ಚಂದಮ್ಮನೇ ಹೌದಲ್ಲ ಎಂದು.

‘ಅಲ್ರೀ, ನಿಮ್ಮ ಅತ್ತಿ ಇದ್ದೀನಿ,’ ಎಂದಳು ಆಕೆ. ಎಂದವಳು ಬಗ್ಗಿ ಅವನ ಬಾಯಿ ಮೂಸಿ ನೋಡಿದಳು. ಕುಡಿದಿರಲಿಲ್ಲ. ಕುಡಿದಿದ್ದರೆ ಎರಡು ಮಾತು ಬೈದು ಮುಗಿಸುತ್ತಿದ್ದಳು. ಈಗ ಪಲ್ಲೆಯ ಸೌಟು ಕೈಯಲ್ಲೇ ಉಳಿಯಿತು.

ಇಲ್ಲಿಂದ ದೇವೀಂದ್ರಪ್ಪ ತಪ್ಪು ದಾರಿ ಹಿಡಿದ. ಮಾಲು ಪರೀಕ್ಷೆ ಮಾಡಿ ಬದುಕಿದವನಿಗೆ ಪರೀಕ್ಷೆ ಮಾಡದೆ ಏನನ್ನೂ ನಂಬುವ ಚಾಳಿ ಇಲ್ಲ. ತೊಗರಿಗೆ ಮಾಡುವುದನ್ನೇ ಲೋಕಕ್ಕೆ ಮಾಡತೊಡಗಿದ. ಹಸಿ ಮೆಣಸಿನಕಾಯಿ ಕಡಿದ. ತೊಡೆ ಚಿವುಟಿಕೊಂಡು ನೀಲಿ ಮಾಡಿಕೊಂಡ. ಮುಂಜಾನೆ ಊರ ಹಳೆಯ ಕೋಟೆಯ ಕಡೆ ನಡೆದು ಹೋಗಿ ಕರಿಗಲ್ಲಿನ ಗೋಡೆಗೆ ಅಂಗೈ ಒತ್ತಿ ನಿಲ್ಲುತ್ತಿದ್ದ. ಕಲ್ಲು ತಣ್ಣಗಿದೆ ಎಂದು ತಿಳಿಯುತ್ತಿತ್ತು, ಆದರೆ ಆ ತಂಪು ತನಗೆ ತಾಕಿದೆ ಎಂದು ಅನ್ನಿಸುತ್ತಿರಲಿಲ್ಲ. ಮತ್ತೆ ಒತ್ತುತ್ತಿದ್ದ. ಕನ್ನಡಿಯ ಮುಂದೆ ನಿಂತು ತನ್ನ ಹೆಸರು, ಅಪ್ಪನ ಹೆಸರು, ಓಣಿಯ ಹೆಸರು ಹೇಳಿಕೊಳ್ಳುತ್ತಿದ್ದ. ಹೆಚ್ಚು ಹೇಳಿದಷ್ಟೂ ಹೆಸರು ಬರೀ ಸಪ್ಪಳವಾಗುತ್ತಿತ್ತು. ಎಷ್ಟು ಪರೀಕ್ಷೆ ಮಾಡಿದರೂ ಮಾಲು ಫೇಲು.

ಇದನ್ನು ಮೊದಲು ಗುರುತು ಹಿಡಿದವನು ಹಮಾಲ ಲಾಲ್ ಅಹ್ಮದ್. ಇಬ್ಬರೂ ಒಂದೇ ವರ್ಷ ಗಂಜಿಗೆ ಬಂದವರು. ದೇವೀಂದ್ರಪ್ಪ ಒಂದೇ ಚೀಲಕ್ಕೆ ಕೊಳವೆ ಚುಚ್ಚುತ್ತ ನಿಂತಿದ್ದ, ಒಂಬತ್ತು ಸಲ. ಲಾಲ್ ಅಹ್ಮದ್ ಬೆನ್ನಿನ ಚೀಲ ಇಳಿಸಿ ಕೇಳಿದ: ‘ದೇವೀಂದ್ರಣ್ಣ, ಚೀಲಕ್ಕ ಜ್ವರ ಬಂದಾವೇನು? ಎಷ್ಟು ಸೂಜಿ ಹಾಕತಿ?’

ಸುತ್ತಲಿನವರು ನಕ್ಕರು. ದೇವೀಂದ್ರಪ್ಪ ನಗಲಿಲ್ಲ. ಲಾಲ್ ಅಹ್ಮದ್ ಅವನನ್ನು ಗೋದಾಮಿನ ಹಿಂದೆ ಕರೆದೊಯ್ದ. ಅಲ್ಲಿ ಎಲ್ಲವೂ ಹೊರಬಿತ್ತು. ನನಗೆ ಹುಚ್ಚು ಹಿಡಿಯುತ್ತಿದೆ, ಯಾರಿಗೂ ಹೇಳಬ್ಯಾಡ, ದತ್ತಪ್ಪನಿಗೆ ತಿಳಿದರೆ ನಾಳೆಯೇ ಮನೆಗೆ ಕಳಿಸುತ್ತಾನೆ ಎಂದ.

ಲಾಲ್ ಅಹ್ಮದ್ ಗಂಜಿನ ಕೆಲಸಗಾರರ ಸಂಘದ ಆಫೀಸಿಗೆ ಬಂದು ಅಲ್ಲಿ ಕೂರುವ ನನ್ನ ಕಿವಿಗೆ ಹಾಕಿದ. ನಾವು ಸಂಘದವರು ಯಾವ ಜಡ್ಡಿಗೂ ಒಂದೇ ಔಷಧ ಕಲಿತವರು. ಮಶೀನಿಗೆ ಹೆದರಿದ್ದಾನೆ, ಎಲ್ಲಾ ಮಾಲು ನೋಡುವವರನ್ನೂ ಕೂಡಿಸಿ ದತ್ತಪ್ಪನ ಅಂಗಡಿಯ ಮುಂದೆ ಧರಣಿ ಹೂಡೋಣ ಎಂದೆ. ಲಾಲ್ ಅಹ್ಮದ್ ನನ್ನನ್ನು ಒಂದು ಥರ ನೋಡಿದ. ಅದಕ್ಕೆ ಒಂದು ವರ್ಷ ಮೊದಲು ಅವನ ಹೆಂಡತಿ ಅಮೀನಾ ಹೆದರಿಕೆಯ ಜಡ್ಡಿಗೆ ಸರ್ಕಾರಿ ದವಾಖಾನೆಗೆ ಹೋಗಿ ಸುಧಾರಿಸಿದ್ದಳು. ನನ್ನ ಧರಣಿ ಬಿಟ್ಟು ಅವನು ದೇವೀಂದ್ರಪ್ಪನನ್ನು ಅಲ್ಲಿಗೆ ಎಳೆದೊಯ್ದ. ಸರಿಯಾದದ್ದೇ ಮಾಡಿದ.

ಡಾಕ್ಟರು ಮಂಜುಷಾ, ನಡುವಯಸ್ಸಿನ ಹೆಂಗಸು. ಚೀಟಿಯ ಮೇಲೆ ಏನೂ ಬರೆಯುವ ಮೊದಲು ಅರ್ಧ ತಾಸು ಕೇಳಿದರು. ರಕ್ತ ಪರೀಕ್ಷೆ ಮಾಡಿಸಿದರು. ಎರಡನೆಯ ಸಲ ಹೋದಾಗ ಬಿಡಿಸಿ ಹೇಳಿದರು: ಇದು ಹುಚ್ಚಲ್ಲ. ಎಲ್ಲ ನಾಟಕದ ಹಾಗೆ ಕಾಣುತ್ತದೆ ಅನ್ನುವವನಿಗೆ ಅದು ನಾಟಕವಲ್ಲ ಎಂಬುದು ಗೊತ್ತೇ ಇರುತ್ತದೆ, ಗೊತ್ತಿರುವುದಕ್ಕೇ ಇಷ್ಟು ಹೆದರುತ್ತಾನೆ. ತಿಂಗಳುಗಟ್ಟಲೆ ಹೆದರಿಕೆ ತುಂಬಿಕೊಂಡರೆ ತಲೆ ತಾನಾಗಿಯೇ ದೀಪದ ಬತ್ತಿ ಸಣ್ಣದು ಮಾಡುತ್ತದೆ. ಆಗ ಎಲ್ಲವೂ ಮಬ್ಬಾಗಿ, ದೂರವಾಗಿ ಕಾಣುತ್ತದೆ. ಬಹಳ ಜನಕ್ಕೆ ಆಗುತ್ತದೆ, ನಾಚಿಕೊಂಡು ಹೇಳುವುದಿಲ್ಲ. ಗುಳಿಗೆ ಬರೆದರು. ಚಹಾ ಮೂರಕ್ಕೆ ಇಳಿಸಲು ಹೇಳಿದರು. ನಿದ್ದೆ ಕೆಡಿಸಬಾರದು, ಹದಿನೈದು ದಿನಕ್ಕೊಮ್ಮೆ ಬರಬೇಕು ಎಂದರು. ದೇವೀಂದ್ರಪ್ಪ ಮೆಣಸಿನಕಾಯಿ, ಕನ್ನಡಿ, ಕೋಟೆಗೋಡೆ ಎಲ್ಲ ಒಪ್ಪಿಸಿದಾಗ ಆಕೆ ಪೆನ್ನು ಕೆಳಗಿಟ್ಟರು.

‘ತೊಗರಿ ಕಡದು ನೋಡ್ರಿ, ಅದು ನಿಮ್ಮ ಕೆಲಸ. ನಿಮ್ಮನ್ನ ನೀವು ಕಡದು ನೋಡಾಕ ಹೋಗಬ್ಯಾಡ್ರಿ. ಅದು ಬಂದ್ರ ಬರಲಿ. ಬಂದದ ಅಂತ ಅಂದು, ಕೈಯಾಗಿನ ಕೆಲಸ ಮುಂದ ಮಾಡ್ರಿ.’

ಯಾವಾಗ ಹೋಗ್ತದ ಎಂದು ಅವನು ಕೇಳಿದ. ತಾರೀಖು ಕೇಳಬೇಡಿ, ಅದೂ ಒಂದು ಪರೀಕ್ಷೆಯೇ ಎಂದರು.

ಹೇಳುವುದು ಸುಲಭ. ಪರೀಕ್ಷೆ ಮಾಡಬಾರದು ಎಂದು ಹೇಳಿಸಿಕೊಂಡವನು ಈಗ ಪರೀಕ್ಷೆ ಮಾಡುತ್ತಿದ್ದೇನೋ ಇಲ್ಲವೋ ಎಂದು ಪರೀಕ್ಷೆ ಮಾಡತೊಡಗಿದ. ಕೂತಲ್ಲಿ ಕೂರುತ್ತಿರಲಿಲ್ಲ. ಗಾಜಿಪುರದಿಂದ ಗಂಜಿಗೆ, ಗಂಜಿನಿಂದ ಕೋಟೆಗೆ, ಮತ್ತೆ ಮನೆಗೆ. ಚಂದಮ್ಮ ಕನ್ನಡಿ ತೆಗೆದು ಟ್ರಂಕಿನಲ್ಲಿ ಹಾಕಿ ಕೀಲಿ ಜಡಿದಳು, ತಲೆ ನಾನೇ ಬಾಚಿಕೊಡುತ್ತೇನೆ ಎಂದಳು. ನೀನು ಚಂದಮ್ಮನೇ ಹೌದಾ ಎಂದು ಕೇಳಿದರೆ ಉತ್ತರ ಕೊಡುವುದನ್ನೇ ನಿಲ್ಲಿಸಿದಳು. ಉಳ್ಳಾಗಡ್ಡಿ ಮುಂದಿಟ್ಟು ಹೆಚ್ಚಿಕೊಡಿರಿ ಅನ್ನುತ್ತಿದ್ದಳು. ದೀಪಾವಳಿ ದಾಟುವ ಹೊತ್ತಿಗೆ ಅದು ಬರುವುದು ನಿಂತಿರಲಿಲ್ಲ, ಆದರೆ ಬಂದಾಗ ಓಡುವುದನ್ನು ಅವನು ಸ್ವಲ್ಪ ಬಿಟ್ಟಿದ್ದ.

ಅಷ್ಟರಲ್ಲಿ ಜನವರಿ ಬಂತು. ಜನವರಿ ಅಂದರೆ ಕಮಲಾಪುರ. ಅಲ್ಲಿನ ರೈತರು ಚೀಲ ಗಂಜಿಗೆ ಹೊರಡಿಸುವ ಮೊದಲು ಒಂದೊಂದು ಮುಷ್ಟಿ ತೊಗರಿ ಟವಲಿನಲ್ಲಿ ಕಟ್ಟಿಕೊಂಡು ಊರಿನ ಗೋದಾಮಿನ ಕಟ್ಟೆಗೆ ಬರುತ್ತಾರೆ. ದೇವೀಂದ್ರಪ್ಪ ಕಟ್ಟೆಯ ಮೇಲೆ ಕೂತು ಕಡಿದು ಹೇಳಬೇಕು. ಒಣ ಇದ್ದರೆ ಗಾಡಿಗೆ ಹೇರು, ಹಸಿ ಇದ್ದರೆ ಇನ್ನೂ ಬಿಸಿಲಿಗೆ ಹಾಕು. ಹಸಿ ಮಾಲು ಗಂಜಿಗೆ ಹೋದರೆ ಬಂದಷ್ಟು ದರಕ್ಕೆ ಕೊಟ್ಟು ಬರಬೇಕಾಗುತ್ತದೆ. ರೈತನ ವರ್ಷದ ದುಡಿಮೆ ಆ ಒಂದು ಮಾತಿನ ಮೇಲೆ. ಅವನು ಹುಟ್ಟಿದ್ದೂ ಕಮಲಾಪುರದಲ್ಲೇ, ಅದಕ್ಕೇ ಅಲ್ಲಿನವರು ಅವನನ್ನು ನಂಬಿದ್ದು.

ದತ್ತಪ್ಪ ಗಾದಿಯಿಂದಲೇ ಕೇಳಿದ: ‘ಈ ಸಲ ನೀ ಹೋಗ್ತೀಯೋ, ಮಶೀನ್ ಕಳಸ್ಲೋ?’ ಯಾರೋ ಚಾಡಿ ಹೇಳಿದ್ದರು. ಮಶೀನು ಒಮ್ಮೆ ಕಮಲಾಪುರಕ್ಕೆ ಹೋದರೆ ದೇವೀಂದ್ರಪ್ಪ ಮತ್ತೆ ಯಾವ ಅಂಗಡಿಗೂ ಬೇಕಾಗುವುದಿಲ್ಲ. ಹೋಗ್ತೀನಿ ಎಂದ.

ಲಾಲ್ ಅಹ್ಮದ್ ಜೊತೆಗೆ ಹೊರಟ. ಬಸ್ಸಿನಲ್ಲಿ ದೇವೀಂದ್ರಪ್ಪ ಸೀಟು ಬದಲಿಸಿದ್ದೇ ಬದಲಿಸಿದ್ದು. ಕಿಟಕಿ ತೆಗೆದ, ಮುಚ್ಚಿದ. ಕಟ್ಟೆಗೆ ಹೋಗುವ ಹೊತ್ತಿಗೆ ಮೂವತ್ತು ಮಂದಿ ಟವಲು ಹಿಡಿದು ಕೂತಿದ್ದರು. ಮೊದಲ ಹನ್ನೊಂದು ಟವಲು ಸರಿ ಹೋಯಿತು. ಕಟ್, ಒಣ. ಕಟ್, ಒಣ. ಅಂಟಿತು, ಇನ್ನೆರಡು ದಿನದ ಬಿಸಿಲು. ಹನ್ನೆರಡನೆಯದು ಮರೆಪ್ಪನದು. ಎಪ್ಪತ್ತು ದಾಟಿದ ಮುದುಕ, ಊರಲ್ಲಿ ಅವನ ಬಾಯಿಗೆ ಹೆದರದವರಿಲ್ಲ. ದೇವೀಂದ್ರಪ್ಪ ಕಾಳು ಹಲ್ಲಿಗಿಟ್ಟ. ಪಕ್ಕದ ಮನೆಯಲ್ಲಿ ಯಾರೋ ಏನೋ ಮುರಿದಂತೆ ಸಪ್ಪಳವಾಯಿತು. ನಾಲಿಗೆಗೆ ಏನೂ ತಿಳಿಯಲಿಲ್ಲ. ಕಟ್ಟೆ, ಜನ, ಬೇವಿನ ಗಿಡ ಎಲ್ಲವೂ ಗೋಣಿಯ ಆಚೆ ಹೋದವು.

ಎಲ್ಲರೂ ಬಾಯಿ ನೋಡುತ್ತಿದ್ದಾರೆ. ಎರಡನೆಯ ಕಾಳಿಗೆ ಕೈ ಹಾಕುವಂತಿಲ್ಲ. ಒಣಗೇದ ಅಂದುಬಿಟ್ಟರೆ ಮುಗಿಯಿತು. ಮರೆಪ್ಪನಿಗೆ ಖುಷಿ, ದತ್ತಪ್ಪನ ಮಶೀನು ಗಂಜಿನಲ್ಲೇ ಉಳಿಯುತ್ತದೆ, ಮಾಲು ಕೆಟ್ಟರೂ ತಿಳಿಯುವುದು ಮಳೆಗಾಲಕ್ಕೆ. ಹಸಿ ಅಂದರೂ ನಡೆಯುತ್ತದೆ. ಎರಡರಲ್ಲಿ ಒಂದು ಅನ್ನಬೇಕು ಅಷ್ಟೇ.

‘ಕಾಕಾ, ನನಗ ಈಗ ಗೊತ್ತಾಗವಲ್ದು,’ ಎಂದ ದೇವೀಂದ್ರಪ್ಪ.

ಹಿಂದಿನಿಂದ ಯಾರೋ ಹಲ್ಲು ಉದುರಿದಾವೇನು ಎಂದರು. ಮರೆಪ್ಪ ಟವಲು ಕೆಳಗಿಳಿಸಲಿಲ್ಲ.

‘ಏನ್ ಗೊತ್ತಾಗವಲ್ದು? ಕಾಳೋ, ನಾನೋ?’

‘ಎರಡೂ. ಕೈ ನಂದು ಅಂತ ಅನಸವಲ್ದು. ಹೆದರಿಕಿ ಜಡ್ಡು ಅದ, ಗುಳಗಿ ತಗೋಳಾಕತ್ತೀನಿ. ಒಮ್ಮೊಮ್ಮೆ ಹಿಂಗ ಬರ್ತದ. ಹೋಗ್ತದ.’

‘ಹೋಗೋತನಕ ಏನ್ ಮಾಡ್ತಿ?’

‘ಕುಂಡ್ರತೀನಿ.’

‘ಕುಂಡ್ರು ಮತ್ತ. ನನ್ನ ತೊಗರಿಗಿ ಏನ್ ಕಾಲು ಬಂದಾವೇನು?’

ಹೀಗೆ ಹೇಳಿ ಮರೆಪ್ಪ ಕಟ್ಟೆಯ ಮೇಲೆ ಅವನ ಪಕ್ಕವೇ ಕೂತ. ಕೆಲವರು ಗೊಣಗಿದರು. ಒಬ್ಬ ಎದ್ದು ನಿಂತ, ಮತ್ತೆ ಕೂತ. ಲಾಲ್ ಅಹ್ಮದ್ ರಸ್ತೆಗೆ ಹೋಗಿ ಒಂದು ಚಿಪ್ಪು ಕೆಂಪು ಬಾಳೆಹಣ್ಣು ತಂದು ಹಂಚಿದ. ದೇವೀಂದ್ರಪ್ಪ ಒಂದು ಸುಲಿದು ತಿಂದ. ರುಚಿ ತಾಕಿತೋ ಇಲ್ಲವೋ ಎಂದು ನೋಡಿಕೊಳ್ಳದೆ ತಿಂದದ್ದು ಆ ಐದು ತಿಂಗಳಲ್ಲಿ ಅದೇ ಮೊದಲಂತೆ. ಮರೆಪ್ಪ ತನ್ನ ಸೊಸೆಯನ್ನೂ, ಹುಮನಾಬಾದ ಕಡೆಯ ಬಸ್ಸುಗಳನ್ನೂ, ಈ ಸಲದ ಮಂಜನ್ನೂ ಒಂದೇ ಉಸಿರಿನಲ್ಲಿ ಬೈಯುತ್ತಿದ್ದ. ಅರ್ಧ ತಾಸು ಹೋಯಿತು. ಆಮೇಲೆ ಮುದುಕ ತಾನೇ ಟವಲು ಬಿಚ್ಚಿ ಮುಂದೆ ಹಿಡಿದ. ಇನ್ನೊಂದು ಕಡಿ ಎಂದ.

ರೈತ ತಾನಾಗಿ ಎರಡನೆಯ ಕಾಳು ಕೊಟ್ಟದ್ದನ್ನು ಆ ಕಟ್ಟೆ ಎಂದೂ ಕಂಡಿರಲಿಲ್ಲ. ದೇವೀಂದ್ರಪ್ಪ ಕಡಿದ. ಗೋಣಿ ಇನ್ನೂ ಸರಿದಿರಲಿಲ್ಲ. ಕೈ ಇನ್ನೂ ಪರರದೇ. ಹಲ್ಲಿಗೆ ಅಂಟಿದ್ದು ಮಾತ್ರ ಅಂಟಿತ್ತು.

‘ಹಸಿ ಅದ ಕಾಕಾ. ಎರಡು ಬಿಸಲು ಬೇಕು.’

ಮರೆಪ್ಪ ಉರಿದುಬಿದ್ದ. ನಿನ್ನ ಸಲುವಾಗಿ ಅರ್ಧ ತಾಸು ಕೂತವನಿಗೆ ಇದೇನು ಕೊಡುಗೆ ಎಂದು ಶುರು ಮಾಡಿ ದೇವೀಂದ್ರಪ್ಪನ ಅಜ್ಜನವರೆಗೆ ಹೋದ. ದೇವೀಂದ್ರಪ್ಪ ಮಾತು ಬದಲಿಸಲಿಲ್ಲ, ಮುಂದಿನ ಟವಲಿಗೆ ಕೈ ಚಾಚಿದ. ಸಂಜೆಯೊಳಗೆ ಗೋಣಿ ಒಮ್ಮೆ ಸರಿಯಿತು, ಒಮ್ಮೆ ಮತ್ತೆ ಬಂತು. ಒಟ್ಟು ಮೂವರಿಗೆ ‘ಗೊತ್ತಾಗವಲ್ದು, ನಾಳೆ ಬರ್ರಿ’ ಎಂದ.

ಗಂಜಿಗೆ ಮರಳಿ ದತ್ತಪ್ಪನ ಮುಂದೆ ಇದ್ದದ್ದು ಇದ್ದ ಹಾಗೆ ಹೇಳಿದ. ಮಶೀನು ಎಂದೂ ಗೊತ್ತಾಗಲಿಲ್ಲ ಅನ್ನುವುದಿಲ್ಲ ಎಂದು ದತ್ತಪ್ಪ ಕುಟುಕಿದ. ನಾಳೆ ಕೊಡ್ರಿ, ಚೀಲದಾಗ ಹಾಕ್ಕೊಂಡು ಒಯ್ತೀನಿ, ನನಗ ಗೊತ್ತಾಗದಾಗ ಅದು ಹೇಳಲಿ ಎಂದ ದೇವೀಂದ್ರಪ್ಪ. ಏಳು ತಿಂಗಳು ಯಾವ ಡಬ್ಬಿಗೆ ಹೆದರಿದ್ದನೋ ಅದನ್ನೇ ಮರುದಿನ ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದ.

ಆ ಮೂವರಲ್ಲಿ ಇಬ್ಬರು ಬಂದರು. ಮೂರನೆಯವನು ತಲೆ ಕೆಟ್ಟವನ ಕೈಗೆ ನನ್ನ ತೊಗರಿ ಕೊಡೋದಿಲ್ಲ ಎಂದು ಬೇರೆ ಅಂಗಡಿಗೆ ಹಾಕಿದ. ಎರಡು ದಿನ ಬಿಟ್ಟು ಮರೆಪ್ಪನೂ ಬಂದ, ಒಂದೇ ಬಿಸಿಲು ಕೊಟ್ಟು ಎರಡು ಕೊಟ್ಟೆ ಎಂದು ಸುಳ್ಳು ಹೇಳುತ್ತ. ದೇವೀಂದ್ರಪ್ಪ ಕಡಿದ, ಇನ್ನೊಂದು ಬಿಸಲು ಬೇಕು ಎಂದ, ವಾಪಸು ಕಳಿಸಿದ. ಮುದುಕ ರಸ್ತೆ ಮುಟ್ಟುವ ತನಕ ಬೈಯುತ್ತಲೇ ಹೋದ.